ಅರವತ್ತು ಇಂಚಿನ ಸಾಲು

ಟ್ರಾಕ್ಟರ್ ಮಾರುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ನಾಲ್ಕನೇ ದಿನ ಹೊಸ ಸೇಲ್ಸ್‌ಮನ್ ಮ್ಯಾನೇಜರ ಮೇಜಿನ ಮುಂದೆ ನಿಂತು ಒಂದು ಗಂಭೀರ ದೂರು ಕೊಟ್ಟ. ಶೋರೂಮಿನಲ್ಲಿರುವ ಏಳು ಟ್ರಾಕ್ಟರುಗಳಲ್ಲಿ ಒಂದರ ಗಡಿಯಾರವೂ ಸರಿಯಿಲ್ಲ. ಒಂದು ಎರಡು ಗಂಟೆ ಎನ್ನುತ್ತದೆ, ಇನ್ನೊಂದು ಮೂರು, ಮೂಲೆಯಲ್ಲಿರುವುದಂತೂ ಸೊನ್ನೆ. ಗಿರಾಕಿಗಳ ಕಣ್ಣಿಗೆ ಬಿದ್ದರೆ ಕಂಪನಿಯ ಮರ್ಯಾದೆ ಏನಾಗಬೇಕು ಎಂದು ಅವನ ಕಳಕಳಿ. ದೂರು ಕೊಡುವ ಮೊದಲು ಅರ್ಧ ಗಂಟೆ ಒಂದೊಂದೇ ಟ್ರಾಕ್ಟರ್ ಹತ್ತಿ ಇಳಿದು, ಮುಳ್ಳು ತಿರುಗಿಸುವ ಗುಂಡಿ ಎಲ್ಲಿದೆ ಎಂದು ಹುಡುಕಿಯೂ ಇದ್ದ. ಅದು ಗಡಿಯಾರವಲ್ಲ, ಎಂಜಿನ್ನು ಹುಟ್ಟಿದಾಗಿನಿಂದ ಒಟ್ಟು ಎಷ್ಟು ಗಂಟೆ ಓಡಿದೆ ಎಂದು ಹೇಳುವ ಮೀಟರು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದಿನ ಶೆಡ್ಡಿನಲ್ಲಿ ಗ್ರೀಸು ಹಚ್ಚುತ್ತಿದ್ದ ಮೆಕ್ಯಾನಿಕ್ ಅಷ್ಟು ದಯಾಳುವಲ್ಲ. ಆವತ್ತಿನಿಂದ ಅವನನ್ನು "ಗಡಿಯಾರ" ಎಂದೇ ಕರೆದ. ವಾರ ಕಳೆಯುವುದರೊಳಗೆ ಎದುರಿನ ಚಹಾದಂಗಡಿಯವನಿಗೂ, ಬಿಡಿಭಾಗ ತಂದಿಳಿಸುವ ಲಾರಿ ಡ್ರೈವರಿಗೂ ಅವನ ಬೇರೆ ಹೆಸರು ಮರೆತುಹೋಯಿತು.

ಈ ಗಡಿಯಾರನ ಬಗ್ಗೆ ನನಗೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು. ಹಾಗಾಗಿ ಅವನಿಗೆ ಬಹುವಚನ ಕೊಡುವ ಉಪಚಾರ ಬೇಡ.

ಅವನಿಗೆ ಟ್ರಾಕ್ಟರ್ ಗೊತ್ತಿರಲಿಲ್ಲ, ಕ್ಯಾಟಲಾಗು ಗೊತ್ತಿತ್ತು. ಯಾವ ಮಾಡೆಲ್ಲಿಗೆ ಎಷ್ಟು ಕುದುರೆಶಕ್ತಿ, ಎಷ್ಟು ಜಾಗದಲ್ಲಿ ತಿರುಗುತ್ತದೆ, ಹಿಂದೆ ಎಷ್ಟು ಕಿಲೋ ಎತ್ತುತ್ತದೆ ಎಂಬುದನ್ನೆಲ್ಲ ಮಗ್ಗಿಯಂತೆ ಬಾಯಿಪಾಠ ಮಾಡಿದ್ದ. ಅವನ ಬಾಡಿಗೆ ಕೋಣೆ ಒಂದು ಬ್ಯಾಟರಿ ಅಂಗಡಿಯ ಮೇಲಿತ್ತು. ಒಂದು ಮಂಚ, ಒಂದು ಬಕೆಟ್ಟು, ಒಂದು ಕಿಟಕಿ. ಕಿಟಕಿ ತೆರೆದರೆ ಎದುರು ಕಟ್ಟಡದ ನೀರಿನ ತೊಟ್ಟಿ. ಬಂದು ಐದು ತಿಂಗಳಾದರೂ ಕೆಲಸ ಮುಗಿದ ಮೇಲೆ "ಏನಪ್ಪಾ" ಎಂದು ಕೇಳುವ ಒಂದು ಜೀವ ಆ ಬೀದಿಯಲ್ಲಿರಲಿಲ್ಲ. ಭಾನುವಾರ ಅಮ್ಮ ಫೋನು ಮಾಡುತ್ತಿದ್ದಳು. ಊಟ ಆಯಿತಾ, ಆಯಿತು. ಗೆಳೆಯರು ಸಿಕ್ಕಿದರಾ, ಸಿಕ್ಕಿದರು. ಎರಡನೆಯದು ಸುಳ್ಳು, ಮೊದಲನೆಯದೂ ಕೆಲವು ಭಾನುವಾರ ಸುಳ್ಳೇ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ಬನ್ನಿ ಸರ್, ಎಷ್ಟು ಎಕರೆ ಸರ್" ಎಂದು ಅಭ್ಯಾಸ ಮಾಡುವಾಗ, ಕನ್ನಡಿಯೊಳಗಿನವನೂ ಒಂದು ದಿನ "ಆಮೇಲೆ ಬರ್ತೀನಿ" ಎಂದು ಹೋಗಿಬಿಟ್ಟಾನು ಎಂದು ಅವನಿಗೆ ಅನ್ನಿಸುತ್ತಿತ್ತು.

ಅಂಥವನ ಮುಂದೆ ಒಂದು ಶನಿವಾರ ಟೇಲರಮ್ಮ ಬಂದು ನಿಂತರು. ವಯಸ್ಸು ಅರವತ್ತರ ಹತ್ತಿರ, ಎತ್ತರ ಐದಡಿಗೆ ಒಂದಿಂಚು ಕಡಿಮೆ, ಮೈಮೇಲೆ ತಾವೇ ಹೊಲಿದುಕೊಂಡ ಉದ್ದ ತೋಳಿನ ಅಂಗಿ. ಬಲಭುಜ ಎಡಭುಜಕ್ಕಿಂತ ಒಂದು ಬೆರಳಿನಷ್ಟು ಕೆಳಗಿತ್ತು. ಮೂವತ್ತೈದು ವರ್ಷ ಶಾಲಾ ಮಕ್ಕಳ ಯೂನಿಫಾರಂ ಹೊಲಿಯುತ್ತ ಮಿಷನ್ನಿನ ಮೇಲೆ ಬಾಗಿದ್ದರ ಗುರುತು. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಮರೆತು ಹಾಕಿಕೊಂಡು ಬಂದಿರಬೇಕು ಎಂದು ಗಡಿಯಾರ ಅಂದುಕೊಂಡ.

ಮರೆತು ಬಂದಿರಲಿಲ್ಲ. ಅವನು ಕುದುರೆಶಕ್ತಿಯಿಂದ ಶುರುಮಾಡಿದ ಭಾಷಣವನ್ನು ಕಿವಿ ಮೇಲೆ ಹಾಕಿಕೊಳ್ಳದೆ, ಇರುವುದರಲ್ಲಿ ಚಿಕ್ಕ ಟ್ರಾಕ್ಟರಿನ ಹಿಂದೆ ಹೋಗಿ ಕೂತು, ಟೇಪಿನ ತುದಿಯನ್ನು ಒಂದು ಚಕ್ರದ ಹೊರಗೆ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟರು. "ಎಳೆದು ಹಿಡಿ. ಸಡಿಲ ಬಿಡಬೇಡ." ಅವನು ಹಿಡಿದ. ಅವರು ಓದಿ, ಕಿವಿಯ ಹಿಂದಿನ ಪೆನ್ಸಿಲು ತೆಗೆದು, ಒಂದು ಹಳೇ ಆರ್ಡರ್ ಪುಸ್ತಕದಲ್ಲಿ ಬರೆದುಕೊಂಡರು. ಅವನು ಇಣುಕಿ ನೋಡಿದ. ಸೊಂಟ ಮೂವತ್ತೊಂಬತ್ತು. ಕೆಳಗೆ ಎತ್ತರ, ಉದ್ದ, ಆಮೇಲೆ "ಮೂಗು" ಎಂದು ಬರೆದು ಬಾನೆಟ್ಟಿನ ಅಳತೆ.

"ಸೊಂಟ ಇನ್ನೂ ಬಿಗಿ ಮಾಡೋಕಾಗುತ್ತಾ?" ಎಂದು ಕೇಳಿದರು.

ಚಕ್ರಗಳನ್ನು ಒಳಗೆ ಸರಿಸಬಹುದು, ಆದರೆ ಇದು ಆಗಲೇ ಒಳಗೇ ಇದೆ, ಇನ್ನು ಬಿಗಿ ಮಾಡಿದರೆ ಪಾಪದ ಟ್ರಾಕ್ಟರಿಗೆ ಉಸಿರು ಕಟ್ಟುತ್ತದೆ ಎಂದ ಗಡಿಯಾರ. ಅದು ಅವನ ಆ ತಿಂಗಳ ಮೊದಲ ಜೋಕು. ಟೇಲರಮ್ಮ ನಗಲಿಲ್ಲ. ಹದಿನಾರು ಸಾಲು ನಿಂಬೆ ಗಿಡ ಇದೆ, ಸಾಲಿನಿಂದ ಸಾಲಿಗೆ ಅರವತ್ತು ಇಂಚು, ಅದರ ನಡುವೆ ಹೋಗಿ ಕಳೆ ಹೊಡೆಯುವ ಟ್ರಾಕ್ಟರ್ ಬೇಕು ಎಂದರು. ಮಳೆಗಾಲಕ್ಕೆ ಇನ್ನು ಎರಡೂವರೆ ತಿಂಗಳು. ಕೈಯಲ್ಲಿ ಕೀಳುವುದು ಇನ್ನು ಆಗುವುದಿಲ್ಲ. ಮುಳ್ಳಿಗೆ ಹೆದರಿ ಆಳು ಬರುವುದಿಲ್ಲ, ಬಂದವರು ಎರಡನೇ ದಿನ ಬರುವುದಿಲ್ಲ. ಈ ಸಲ ಹುಲ್ಲು ಎದ್ದರೆ ಗಿಡ ಹೂತುಹೋಗುತ್ತದೆ, ಜಾಗ ಮಾರುವುದೇ ಗತಿ. ಇಷ್ಟನ್ನೂ ಬಟ್ಟೆಯ ಬೆಲೆ ಹೇಳುವ ಹಾಗೆ ಹೇಳಿ, ಕೊನೆಗೆ ಒಂದೇ ಕರಾರು ಹಾಕಿದರು: "ಗಿಡ ಒಂದೂ ಹೋಗಬಾರದು."

ಅರವತ್ತು ಇಂಚೇ ಯಾಕೆ ಎಂದು ಅವನು ಕೇಳಿದ. ನಿಂಬೆಗೆ ಹತ್ತು ಹದಿನೈದು ಅಡಿ ಬಿಡಬೇಕು ಎಂದು ಯಾವುದೋ ಕ್ಯಾಟಲಾಗಿನ ಹಿಂದಿನ ಪುಟದಲ್ಲಿ ಓದಿದ್ದ.

"ಟೇಪು ಇರೋದೇ ಅಷ್ಟು," ಎಂದರು ಟೇಲರಮ್ಮ.

ಹೊರಡುವಾಗ ಎರಡು ಕ್ಯಾಟಲಾಗು ಕೇಳಿ ತೆಗೆದುಕೊಂಡರು. ಅದಕ್ಕೂ ಮೊದಲು, ಇನ್ನೊಬ್ಬರು ಕೂರುವುದಾದರೆ ಎಲ್ಲಿ ಎಂದು ಸೀಟಿನ ಅಕ್ಕಪಕ್ಕ ತಡಕಿ ನೋಡಿದ್ದರು. ಗಡಿಯಾರನಿಗೆ ಅಷ್ಟು ಸಾಕಾಯಿತು. ಮನೆಯಲ್ಲಿ ಯಜಮಾನರಿದ್ದಾರೆ, ತೀರ್ಮಾನ ಅವರದ್ದು, ಇವರು ಬರೀ ಅಳತೆಗೆ ಬಂದವರು ಎಂದು ಲೆಕ್ಕ ಹಾಕಿ, ಸೇಲ್ಸ್ ತರಬೇತಿಯಲ್ಲಿ ಹೇಳಿಕೊಟ್ಟ ಪ್ರಕಾರ ಹಲ್ಲು ಕಿರಿದು, ಮುಂದಿನ ಸಲ ಮನೆಯವರನ್ನೂ ಕರ್ಕೊಂಡು ಬನ್ನಿ ಅಮ್ಮಾ ಎಂದ.

"ಅಮ್ಮ ಅನ್ನಬೇಡ. ನಿನ್ನಂಥ ಮಗ ಇದ್ದಿದ್ರೆ ಇಷ್ಟೊತ್ತಿಗೆ ಕಳೆ ಕಿತ್ತು ಮುಗಿಸಿರ್ತಿದ್ದ. ಟೇಲರಮ್ಮ ಅನ್ನು, ಎಲ್ಲರೂ ಹಾಗೇ ಕರೆಯೋದು."

ಅದರಲ್ಲೂ ಒಂದು ಅಮ್ಮ ಇದೆಯಲ್ಲ ಎಂದು ನಾಲಿಗೆ ತುದಿಗೆ ಬಂದದ್ದನ್ನು ಅವನು ನುಂಗಿಕೊಂಡ.

ಅಲ್ಲಿಂದ ಅವರು ಪ್ರತಿ ಶನಿವಾರ ಹತ್ತೂವರೆಯ ಬಸ್ಸಿಗೆ ಬಂದರು. ಮನೆಯವರು ಬರಲಿಲ್ಲ. ಎರಡನೇ ಶನಿವಾರ ಮೆಕ್ಯಾನಿಕ್ ತನ್ನ ಅನುಭವವನ್ನೆಲ್ಲ ಬಳಸಿ, ಅಷ್ಟು ಇಕ್ಕಟ್ಟಿಗೆ ಟ್ರಾಕ್ಟರೇ ಬೇಡ, ಹಿಂದೆ ನಡೆದುಕೊಂಡು ಹೋಗುವ ಪವರ್ ಟಿಲ್ಲರ್ ಸಾಕು ಎಂದು ಅಂಗಡಿಯ ಹಿತ್ತಿಲಿಗೆ ಒಂದನ್ನು ತಂದು ನಿಲ್ಲಿಸಿದ. ಟೇಲರಮ್ಮ ಹಿಡಿ ಹಿಡಿದರು. ಗೇರು ಬಿದ್ದದ್ದೇ ತಡ, ಟಿಲ್ಲರು ಮುಂದೆ, ಅವರು ಹಿಂದೆ. ಹಗ್ಗ ಬಿಚ್ಚಿದ ಕರುವಿನ ಹಿಂದೆ ಓಡುವವರಂತೆ ಕಾಂಪೌಂಡಿನ ಗೋಡೆಯವರೆಗೆ ಹೋದರು. ಗೋಡೆ ಇಲ್ಲದಿದ್ದರೆ ಬಸ್‌ಸ್ಟ್ಯಾಂಡು ತಲುಪುತ್ತಿದ್ದರು. ಬಲಭುಜವನ್ನು ಒತ್ತಿಕೊಳ್ಳುತ್ತ ವಾಪಸು ಬಂದು, ಇದು ಬೇಡ, ಇದಕ್ಕೆ ನನಗಿಂತ ಅವಸರ ಜಾಸ್ತಿ ಎಂದರು.

ಮೂರನೇ ಶನಿವಾರ ಚಿಕ್ಕ ಟ್ರಾಕ್ಟರಿನ ಸೀಟಿನ ಮೇಲೆ ಕೂರಿಸಿ ಕ್ಲಚ್ಚು ಕಲಿಸಿದ್ದು. ಅವರ ಕಾಲು ಕ್ಲಚ್ಚಿಗೆ ಸಲೀಸಾಗಿ ಎಟುಕುವ ಟ್ರಾಕ್ಟರ್ ಅದು. ಆದರೆ ಆ ಕಾಲು ಮೂವತ್ತೈದು ವರ್ಷ ಹೊಲಿಗೆ ಮಿಷನ್ನಿನ ಪೆಡಲ್ಲು ತುಳಿದದ್ದು. ತುದಿ, ಹಿಮ್ಮಡಿ, ತುದಿ, ಹಿಮ್ಮಡಿ. ಕ್ಲಚ್ಚನ್ನೂ ಹಾಗೇ ತುಳಿದರು. ಟ್ರಾಕ್ಟರು ಹಿತ್ತಿಲ ತುಂಬ ಕಪ್ಪೆಯ ಹಾಗೆ ಕುಪ್ಪಳಿಸಿತು. "ನಿಧಾನಕ್ಕೆ ಬಿಡಿ ಟೇಲರಮ್ಮ, ಅದು ಪ್ಯಾಂಟು ಹೊಲಿಯಲ್ಲ," ಎಂದು ಮೆಕ್ಯಾನಿಕ್ ಕೂಗಿದ. ಅವರು ಎಂಜಿನ್ನು ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಎಡಗಡೆಗೆ, ಯಾರೋ ಅಲ್ಲಿ ನಿಂತಿರುವ ಹಾಗೆ, ತಿರುಗಿ ನೋಡಿದರು. ಅಲ್ಲಿ ಡೀಸೆಲ್ ಪೀಪಾಯಿ ಇತ್ತು. ನಗು ಅಲ್ಲಿಗೆ ನಿಂತಿತು.

ಮ್ಯಾನೇಜರಿಗೆ ಈ ವ್ಯವಹಾರ ಹಿಡಿಸಲಿಲ್ಲ. ಗಿರಾಕಿಗಳಲ್ಲಿ ಎರಡು ಜಾತಿ, ಕೊಳ್ಳುವವರು ಮತ್ತು ಅಳೆದೂ ಸುರಿದೂ ಮಾಡುವವರು, ಇವರಂತೂ ಟೇಪು ಹಿಡಿದೇ ಅಳೆಯುತ್ತಾರೆ ಎಂದು ಗೊಣಗಿದರು. ಗಡಿಯಾರ ತಲೆಯಾಡಿಸಿದ. ಆದರೆ ಶುಕ್ರವಾರ ಸಂಜೆಯೇ ಅಂಗಿ ಇಸ್ತ್ರಿ ಮಾಡಿಡುತ್ತಿದ್ದ, ಹತ್ತೂಕಾಲಿಗೆ ಎದುರಂಗಡಿಗೆ ಹೋಗಿ ಎರಡು ಚಹಾ ಹೇಳುತ್ತಿದ್ದ. ಟೇಲರಮ್ಮ ಅವನ ಅಂಗಿಯ ಕಾಲರು ನೋಡಿ, ಯಾವ ಕಟುಕ ಹೊಲಿದಿದ್ದು ಇದು ಎಂದು ಕೇಳುತ್ತಿದ್ದರು. ಅವನನ್ನು ಯಾರಾದರೂ ಅಷ್ಟು ಹತ್ತಿರದಿಂದ ನೋಡಿ ಬಹಳ ದಿನವಾಗಿತ್ತು, ಬೈಸಿಕೊಳ್ಳುವುದೂ ಹಿತವಾಗಿತ್ತು.

ನಾಲ್ಕನೇ ವಾರ ಅವನು ಮ್ಯಾನೇಜರನ್ನು ಕಾಡಿ ಬೇಡಿ, ಚಿಕ್ಕ ಟ್ರಾಕ್ಟರನ್ನು ಸಣ್ಣ ಲಾರಿಗೆ ಏರಿಸಿಕೊಂಡು, ಮೆಕ್ಯಾನಿಕ್‌ನೊಂದಿಗೆ ಅವರ ಜಾಗಕ್ಕೇ ಹೋದ. ಟಾರು ರಸ್ತೆ ಬಿಟ್ಟು ಎರಡು ಕಿಲೋಮೀಟರು. ಒಂದೂವರೆ ಎಕರೆ, ಒಂದು ಕಡೆಗೆ ಇಳಿಜಾರು, ತಂತಿ ಬೇಲಿ, ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್ನು ಎದುರುಬದುರು ಇದ್ದವು, ಹೊಲಿಯುವವರ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ಒಂದರ ಮೇಲೆ ಅರ್ಧ ಹೊಲಿದ ಜೇಬು, ಇನ್ನೊಂದರ ಮೇಲೆ ಬಟ್ಟೆಯ ಮುಸುಕು. ಗೋಡೆಯ ಮೊಳೆಗೆ ದೊಡ್ಡ ಕತ್ತರಿ ತೂಗುಹಾಕಿತ್ತು, ಅದರ ಅಲಗಿಗೆ ಎಣ್ಣೆ ಹಚ್ಚಿತ್ತು. ಟೇಲರಮ್ಮ ಚಹಾ ಮಾಡಿದರು. ಮನೆಯಲ್ಲಿದ್ದದ್ದು ಎರಡೇ ಲೋಟ. ಅವನ್ನು ಬಂದವರಿಗೆ ಕೊಟ್ಟು, ತಾವು ಹಾಲಿನ ಪಾತ್ರೆಯಲ್ಲೇ ಬಗ್ಗಿಸಿಕೊಂಡು ಕುಡಿದರು. ಯಜಮಾನರು ಎಲ್ಲಿ ಎಂದು ಕೇಳಲು ಬಾಯಿ ತೆರೆದ ಗಡಿಯಾರನ ಕಾಲನ್ನು ಮೆಕ್ಯಾನಿಕ್ ಮೇಜಿನ ಕೆಳಗೆ ಮೆಟ್ಟಿದ. ಕಣ್ಣಿದ್ದವರಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಕ್ಯಾಟಲಾಗು ಓದಿಕೊಂಡವನಿಗೆ ಗೊತ್ತಾಗಿರಲಿಲ್ಲ.

ನಿಂಬೆ ತೋಟದ ಮುಂದೆ ನಿಂತು ಮೆಕ್ಯಾನಿಕ್ ಸಾಲು ಎಲ್ಲಿ ಎಂದು ಹುಡುಕಿದ. ಐದು ವರ್ಷದ ಗಿಡಗಳು, ಒಂದರ ಕೊಂಬೆ ಇನ್ನೊಂದರ ಕೊಂಬೆಗೆ ಕೈ ಹಾಕಿದ್ದವು. ಕಾಲು ಹಾಕಿದಲ್ಲೆಲ್ಲ ಮಂಡಿಯುದ್ದ ಹುಲ್ಲು. ಬಗ್ಗಿ ಬುಡದಲ್ಲಿ ನೋಡಿದರೆ ಮಾತ್ರ ಅದು ಸಾಲು ಎಂದು ಗೊತ್ತಾಗುತ್ತಿತ್ತು. ವಿಚಿತ್ರವೆಂದರೆ ಒಂದು ಸಾಲು ಗೆರೆ ಎಳೆದಂತೆ ನೆಟ್ಟಗೆ, ಅದರ ಪಕ್ಕದ್ದು ಕುಡಿದವನ ನಡಿಗೆ. ಮತ್ತೆ ಒಂದು ನೆಟ್ಟಗೆ, ಮತ್ತೊಂದು ಸೊಟ್ಟ. ಕೊನೆಯವರೆಗೂ ಹಾಗೇ.

ಮೆಕ್ಯಾನಿಕ್ ಟ್ರಾಕ್ಟರನ್ನು ಮೊದಲ ಓಣಿಗೆ ಬಿಟ್ಟ. ಚಕ್ರಗಳೇನೋ ಹಿಡಿದವು, ಬುಡದಿಂದ ಬುಡಕ್ಕೆ ಐದಡಿ, ಸೊಂಟ ಮೂರೂಕಾಲು. ಆದರೆ ಗಿಡ ಬುಡದಷ್ಟೇ ದಪ್ಪ ಇರುತ್ತದೆಯೇ? ಹತ್ತು ಹೆಜ್ಜೆ ಹೋಗುವುದರಲ್ಲಿ ಅವನ ಅಂಗಿಯ ಎರಡೂ ತೋಳು ಹರಿದವು, ಕೆನ್ನೆಯಲ್ಲಿ ರಕ್ತ ಬಂತು, ಎಡಗಡೆ ಮಣಿಕಟ್ಟು ದಪ್ಪದ ಒಂದು ಕೊಂಬೆ ಕಾಯಿಯ ಸಮೇತ ಲಟಕ್ಕೆಂದು ಮುರಿಯಿತು. ಟೇಲರಮ್ಮ ಓಡಿ ಹೋಗಿ ಮುರಿದದ್ದನ್ನು ಹಿಡಿದುಕೊಂಡು ನಿಂತರು, ಹೊಲಿದು ಸೇರಿಸಲು ಆಗುತ್ತದೆಯೇ ಎಂದು ನೋಡುವವರಂತೆ. ಮೆಕ್ಯಾನಿಕ್ ಹಿಂದಕ್ಕೆ ತೆಗೆದ. ಇದಕ್ಕಿಂತ ಸಣ್ಣ ಟ್ರಾಕ್ಟರನ್ನು ಮಕ್ಕಳ ಆಟಿಕೆ ಅಂಗಡಿಯಲ್ಲೇ ಹುಡುಕಬೇಕು ಎಂದು ಕೆನ್ನೆ ಒರೆಸಿಕೊಂಡ.

ಮೌನ ಗಡಿಯಾರನಿಗೆ ಆಗಿಬರುತ್ತಿರಲಿಲ್ಲ. ಯಾರೂ ಕೇಳದಿದ್ದರೂ ಅವನು ಉಪಾಯ ಹೇಳಿದ. ಬಹಳ ಸುಲಭ, ಒಂದು ಸಾಲು ಬಿಟ್ಟು ಒಂದು ಸಾಲು ತೆಗೆದುಬಿಟ್ಟರೆ ಆಯಿತು. ಎಂಟು ಸಾಲು ಉಳಿಯುತ್ತದೆ, ನಡುವೆ ಹತ್ತಡಿ ಸಿಗುತ್ತದೆ, ಉಳಿದ ಗಿಡಗಳೂ ಚೆನ್ನಾಗಿ ಬೆಳೆಯುತ್ತವೆ. ಅದು ಆ ದಿನ ಅವನ ಬಾಯಿಂದ ಬಂದ ಒಂದೇ ಸರಿಯಾದ ಮಾತು. ಆಡಬಾರದಿದ್ದ ಮಾತೂ ಅದೇ.

ಟೇಲರಮ್ಮ ಕೊಂಬೆಯನ್ನು ಕೆಳಗೆ ಹಾಕಲಿಲ್ಲ. "ಒಂದು ಬಿಟ್ಟು ಒಂದು ನನ್ನಕ್ಕಂದು," ಎಂದರು.

ಆಮೇಲೆ ನಿಧಾನವಾಗಿ, ಬಹುಪಾಲು ಮೆಕ್ಯಾನಿಕ್‌ಗೆ, ಅಕ್ಕನ ವಿಷಯ ಹೇಳಿದರು. ಬಟ್ಟೆಯನ್ನೆಲ್ಲ ಕತ್ತರಿಸುವವಳು ಅಕ್ಕ, ಕತ್ತರಿಸಿ ಮುಗಿದ ಮೇಲೆ ಅವಳೂ ಮಿಷನ್ನಿಗೆ ಕೂರುತ್ತಿದ್ದಳು; ತಾವು ಬರೀ ಹೊಲಿಯುವವರು. ಮೂವತ್ತೈದು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು. ಅಕ್ಕನಿಗೆ ಕಣ್ಣಲ್ಲೇ ಗೆರೆ. ಚಾಕ್ ಇಲ್ಲದೆ ಕತ್ತರಿ ಓಡಿಸುತ್ತಿದ್ದಳು. ತಮಗೆ ಯಾರಾದರೂ ಗೆರೆ ಹಾಕಿ ಕೊಡಬೇಕು, ಅದರ ಮೇಲೆ ಎಷ್ಟು ದೂರ ಬೇಕಾದರೂ ಹೊಲಿಯಬಲ್ಲರು. ದುಡಿದದ್ದನ್ನೆಲ್ಲ ಕೂಡಿಸಿ ಈ ಜಾಗ ತೆಗೆದುಕೊಂಡಾಗ ಇಬ್ಬರಿಗೂ ನೆಲದ ಬಗ್ಗೆ ಏನೂ ಗೊತ್ತಿರಲಿಲ್ಲ. ಟೇಪು ಒಂದು ಗೊತ್ತಿತ್ತು. ಅಕ್ಕ ಒಂದು ತುದಿ ಹಿಡಿದಳು, ತಂಗಿ ಇನ್ನೊಂದು, ಅರವತ್ತಕ್ಕೆ ಟೇಪು ಮುಗಿಯಿತು, ಅಲ್ಲೇ ಗೂಟ ಹೊಡೆದರು. ಒಂದು ಸಾಲು ನಿಂದು, ಒಂದು ಸಾಲು ನಂದು ಎಂದು ಹಂಚಿಕೊಂಡು ನೆಟ್ಟರು. ಕಳೆಯನ್ನೂ ಹಾಗೇ ಕಿತ್ತರು: ಅವಳು ಅವಳ ಸಾಲಿನ ಬುಡದಲ್ಲಿ, ಇವರು ಪಕ್ಕದ ಸಾಲಿನ ಬುಡದಲ್ಲಿ, ನಡುವೆ ಅರವತ್ತು ಇಂಚು, ಬೆಳಗಿನಿಂದ ಸಂಜೆಯವರೆಗೆ ಮಾತು. ಮಾತಾಡಲು ಅದು ಸರಿಯಾದ ಅಳತೆ ಎಂದರು. ಹತ್ತಡಿ ದೂರಕ್ಕೆ ಕೂಗಬೇಕಾಗುತ್ತದೆ.

ಅಕ್ಕ ಹೋಗಿ ಒಂದು ವರ್ಷ ಎರಡು ತಿಂಗಳಾಗಿತ್ತು.

ವಾಪಸು ಬರುವಾಗ ಲಾರಿಯಲ್ಲಿ ಮೆಕ್ಯಾನಿಕ್ ಒಂದೇ ಮಾತು ಹೇಳಿದ: "ಗಡಿಯಾರಾ, ನೀನು ಬಾಯಿ ಮುಚ್ಚಿಕೊಂಡಿದ್ರೆ ನಿಂತುಹೋದ ಗಡಿಯಾರದ ಹಾಗೆ ದಿನಕ್ಕೆ ಎರಡು ಸಲವಾದ್ರೂ ಸರಿ ಇರ್ತೀಯ."

ಅದರ ಮುಂದಿನ ಶನಿವಾರ ಟೇಲರಮ್ಮ ಬರಲಿಲ್ಲ. ಅದರ ಮುಂದಿನದ್ದಕ್ಕೂ ಇಲ್ಲ. ಗಡಿಯಾರ ಎರಡು ಚಹಾ ಹೇಳಿ ಎರಡನ್ನೂ ತಾನೇ ಕುಡಿದ. ಫೋನ್ ನಂಬರು ಪುಸ್ತಕದಲ್ಲಿತ್ತು. ಗಿರಾಕಿಗೆ ಮಾಡುವಂತೆ ಮಾಡಿದರೆ ಸುಳ್ಳು, ಬೇರೆ ಹೇಗೆ ಮಾಡಬೇಕೋ ಗೊತ್ತಿರಲಿಲ್ಲ. ಕೋಣೆಗೆ ಹೋಗಿ ಕ್ಯಾಟಲಾಗು ಹರಡಿಕೊಂಡು, ಇನ್ನೂ ಸಣ್ಣ ಸೊಂಟದ ಟ್ರಾಕ್ಟರು ಪ್ರಪಂಚದಲ್ಲಿ ಎಲ್ಲಾದರೂ ಇದೆಯೇ ಎಂದು ಹುಡುಕಿದ. ಇತ್ತು, ಮೂವತ್ತಮೂರು ಇಂಚಿನದು. ಆದರೆ ಅಷ್ಟು ಕಿರಿದಾದದ್ದು ಇಳಿಜಾರಿನಲ್ಲಿ ಮಗುಚುತ್ತದೆ ಎಂದು ಮೆಕ್ಯಾನಿಕ್ ಒಂದೇ ಮಾತಿನಲ್ಲಿ ಹೊಡೆದು ಹಾಕಿದ. ಒಂಟಿಯಾಗಿರುವವರ ಮೇಲೆ ಮಗುಚಿದರೆ ಎತ್ತುವುದಕ್ಕೆ ಯಾರಿದ್ದಾರೆ ಎಂದ.

ಮೂರು ಶನಿವಾರ ತಪ್ಪಿಸಿ ನಾಲ್ಕನೆಯದಕ್ಕೆ, ಹತ್ತೂವರೆಗೆ, ಅವರು ಬಂದರು. ಕೊರಳಲ್ಲಿ ಟೇಪಿರಲಿಲ್ಲ. ಬಂದವರೇ ಚಿಕ್ಕ ಟ್ರಾಕ್ಟರನ್ನು ದಾಟಿ, ಅದರ ಪಕ್ಕದ ನಡುವಿನ ಸೈಜಿನದರ ಮುಂದೆ ನಿಂತರು. ಇಪ್ಪತ್ನಾಲ್ಕು ಕುದುರೆಶಕ್ತಿ, ಅಗಲ ಐವತ್ತು ಇಂಚು, ನಾಲ್ಕೂ ಚಕ್ರಕ್ಕೆ ಎಳೆತ. ಇದು ಇಳಿಜಾರಿನಲ್ಲಿ ನಿಲ್ಲುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿದರು. ನಿಲ್ಲುತ್ತದೆ ಎಂದ. ಎಷ್ಟು ಜಾಗದಲ್ಲಿ ತಿರುಗುತ್ತದೆ ಎಂದು ಗಡಿಯಾರನನ್ನು ಕೇಳಿದರು. ಅವನಿಗೆ ಬಾಯಿಪಾಠ ಇತ್ತು, ಹೇಳಿದ. ಕಳೆ ಹೊಡೆಯುವ ಯಂತ್ರವನ್ನು ಟ್ರಾಕ್ಟರಿನ ಹಿಂದೆ ಒಬ್ಬರೇ ಕೂಡಿಸಿ ಪಿನ್ನು ಹಾಕಲು ಬರುತ್ತದೆಯೇ ಎಂದು ಕೇಳಿ, ಮೆಕ್ಯಾನಿಕ್‌ನನ್ನು ದೂರ ನಿಲ್ಲಿಸಿ, ಮೂರು ಸಲ ತಾವೇ ಕೂಡಿಸಿ ಬಿಚ್ಚಿ ನೋಡಿದರು. ಮೊದಲ ಸಲ ಮುಕ್ಕಾಲು ಗಂಟೆ ಹಿಡಿಯಿತು. ಹತ್ತಿ, ಒಂದು ಗೇಣು ಹಿಂದೆ ತಂದು, ಇಳಿದು, ನೋಡಿ, ಮತ್ತೆ ಹತ್ತಿ. ಇಬ್ಬರಿದ್ದರೆ ಒಬ್ಬರು ಕೈ ತೋರಿಸುತ್ತಾರೆ, ಎರಡು ನಿಮಿಷದ ಕೆಲಸ. ಮ್ಯಾನೇಜರು ಕೂಡ ಕನ್ನಡಕ ಒರೆಸುವುದನ್ನು ಬಿಟ್ಟು ಬಾಗಿಲಲ್ಲಿ ನಿಂತು ನೋಡಿದರು.

"ಇದೇ ಇರಲಿ," ಎಂದರು ಟೇಲರಮ್ಮ. "ಸಾಲು ತೆಗೀತೀನಿ."

ಯಾರ ಸಾಲು ಎಂದು ಯಾರೂ ಕೇಳಲಿಲ್ಲ. ಗಡಿಯಾರನಿಗೆ ಕೇಳುವ ಅಗತ್ಯವೇ ಕಾಣಲಿಲ್ಲ. ಸತ್ತ ಅಕ್ಕನ ಕೈಯ ಗಿಡಗಳನ್ನು ಉಳಿಸಿಕೊಂಡು, ತಮ್ಮ ಕೈಯ ಗಿಡಗಳನ್ನು ಕಡಿಯುತ್ತಾರೆ. ಬೇರೆ ಏನು ಸಾಧ್ಯ? ಸಾಲದ್ದಕ್ಕೆ ಅಕ್ಕನವು ನೆಟ್ಟಗೂ ಇವೆ, ಟ್ರಾಕ್ಟರಿಗೂ ಅನುಕೂಲ. ಇದನ್ನು ಅವನು ಚಹಾದಂಗಡಿಯವನಿಗೆ ಹೇಳಿದ, ಲಾರಿ ಡ್ರೈವರಿಗೆ ಹೇಳಿದ. ಭಾನುವಾರ ಅಮ್ಮನಿಗೂ ಹೇಳಿದ. ಎಷ್ಟು ದೊಡ್ಡ ಮನಸ್ಸು ನೋಡಮ್ಮಾ ಎಂದ. ಊಟ ಆಯಿತಾ ಎಂದಳು ಅಮ್ಮ.

ಟ್ರಾಕ್ಟರ್ ಇಳಿಸಿದ ದಿನ ಮೆಕ್ಯಾನಿಕ್ ಒಂದೇ ಪಾಠವನ್ನು ಐದು ಸಲ ಹೇಳಿದ. ಬುಡ ಕೀಳುವಾಗ ಸರಪಳಿಯನ್ನು ಕೆಳಗಿನ ಕೊಂಡಿಗೇ ಹಾಕಬೇಕು. ಮೇಲೆ ಎಲ್ಲಾದರೂ ಸಿಕ್ಕಿಸಿದರೆ ಬುಡ ಬರುವುದಿಲ್ಲ, ಟ್ರಾಕ್ಟರಿನ ಮೂಗೇ ಮೇಲೆದ್ದು ಹಿಂದಕ್ಕೆ ಬೀಳುತ್ತದೆ. ಟೇಲರಮ್ಮ ಅದನ್ನು ಆರ್ಡರ್ ಪುಸ್ತಕದಲ್ಲಿ ಬರೆದುಕೊಂಡರು. ನಾವು ಇದ್ದು ಎರಡು ದಿನ ಕಡಿದುಕೊಟ್ಟು ಹೋಗುತ್ತೇವೆ ಎಂದ ಮೆಕ್ಯಾನಿಕ್; ಅವನು ಯಾರಿಗೂ ಅಂಥ ಮಾತು ಹೇಳಿದ್ದನ್ನು ಗಡಿಯಾರ ಕೇಳಿರಲಿಲ್ಲ. ಬೇಡ ಎಂದರು. ಎರಡು ಸಲ ಕೇಳಿದ, ಎರಡು ಸಲವೂ ಬೇಡ ಎಂದರು. ಲಾರಿ ಗೇಟು ದಾಟುವಾಗ ಗಡಿಯಾರ ತಿರುಗಿ ನೋಡಿದ. ಅವರು ಟ್ರಾಕ್ಟರಿನ ಮೇಲಿರಲಿಲ್ಲ, ತೋಟದ ಮುಂದೆ ಬರಿಗೈಯಲ್ಲಿ ನಿಂತಿದ್ದರು.

ಮೊದಲ ಸರ್ವಿಸ್‌ಗೆ ಹೋದಾಗ ಮಳೆ ಶುರುವಾಗಿ ಮೂರು ವಾರವಾಗಿತ್ತು. ಟ್ರಾಕ್ಟರಿನ ಮೈ ತುಂಬ ಗೀರು, ಒಂದು ದೀಪದ ಗಾಜು ಒಡೆದಿತ್ತು, ಸೀಟಿಗೆ ಮಾತ್ರ ದಪ್ಪ ಬಟ್ಟೆಯ ಕವರು ಹೊಲಿದು ಹಾಕಿತ್ತು, ಅಂಚಿಗೆ ಎರಡು ಸಾಲು ಹೊಲಿಗೆ. ಮೆಕ್ಯಾನಿಕ್ ಎಣ್ಣೆ ಬದಲಾಯಿಸಲು ಟ್ರಾಕ್ಟರಿನ ಕೆಳಗೆ ಹೋದ. ಗಡಿಯಾರ ತೋಟದ ಕಡೆ ನಡೆದ. ಹೋಗುವ ಮೊದಲೇ ಮುಖವನ್ನು ಸ್ವಲ್ಪ ಗೌರವದ ಭಂಗಿಗೆ ತಂದುಕೊಂಡಿದ್ದ.

ಎಂಟು ಸಾಲು ಉಳಿದಿದ್ದವು. ನಡುವೆ ಹತ್ತಡಿಯ ಓಣಿ, ಕಳೆ ಹೊಡೆದ ಕೆಂಪು ಮಣ್ಣು. ಟ್ರಾಕ್ಟರಿನ ಚಕ್ರದ ಗುರುತು ಹಾವಿನಂತೆ ಎಡಕ್ಕೆ ಬಳುಕಿ, ಬಲಕ್ಕೆ ಬಳುಕಿ ದೂರದವರೆಗೆ ಹೋಗಿತ್ತು. ಅವನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ನಿಂತಿದ್ದ ಎಂಟೂ ಸಾಲು ಸೊಟ್ಟ. ನೆಟ್ಟಗಿದ್ದ ಒಂದು ಸಾಲೂ ಇರಲಿಲ್ಲ. ಗುಂಡಿ ಮುಚ್ಚಿದ ಗುರುತುಗಳು ಮಾತ್ರ ಗೆರೆ ಎಳೆದ ಹಾಗೆ ಓಣಿಯ ನಟ್ಟನಡುವೆ ಹಾದುಹೋಗಿದ್ದವು. ಬೇಲಿಯ ಪಕ್ಕದಲ್ಲಿ ಕಡಿದ ಕೊಂಬೆಗಳು ಬಾಡಿ ಕಂದು ಬಣ್ಣಕ್ಕೆ ತಿರುಗಿದ್ದವು. ನೂರ ಅರವತ್ತು ಗಿಡ. ಹನ್ನೊಂದು ದಿನ ಕೈಗರಗಸದಲ್ಲಿ ಕಡಿದು, ಆಮೇಲೆ ಬುಡಕ್ಕೆ ಸರಪಳಿ ಹಾಕಿದ್ದಂತೆ. ಇದನ್ನು ಟೇಲರಮ್ಮ ಆಗಲೇ ಮೆಕ್ಯಾನಿಕ್‌ಗೆ ಹೇಳಿದ್ದರು. ಯಾವ ಸಾಲು ಎಂದು ಹೇಳಿರಲಿಲ್ಲ.

ಅವರು ಮೂರು ಚಹಾ ತಂದರು. ಮೂರನೇ ಲೋಟ ಹೊಸದು. ಗಡಿಯಾರ ಕುಡಿಯದೆ ಹಿಡಿದುಕೊಂಡು ನಿಂತ. ಅಮ್ಮನ ಹತ್ತಿರ ದೊಡ್ಡ ಮನಸ್ಸು ಎಂದದ್ದು, ಚಹಾದಂಗಡಿಯಲ್ಲಿ ಹೇಳಿದ್ದು ಎಲ್ಲವೂ ಒಂದೊಂದಾಗಿ ನೆನಪಾಗಿ ಕಿವಿ ಬಿಸಿಯಾಯಿತು. ಜೊತೆಗೆ ಸ್ವಲ್ಪ ಸಿಟ್ಟೂ ಬಂತು, ಅದು ತನ್ನ ಹಕ್ಕೋ ಎಂಬಂತೆ. ಟ್ರಾಕ್ಟರಿನ ಕೆಳಗಿನಿಂದ ಮೆಕ್ಯಾನಿಕ್‌ನ ಕಾಲು ಕಾಣುತ್ತಿತ್ತು, ಮೆಟ್ಟುವಷ್ಟು ಹತ್ತಿರದಲ್ಲಿರಲಿಲ್ಲ. ಅವನು ಕೇಳಿಯೇಬಿಟ್ಟ.

"ಟೇಲರಮ್ಮ, ತಪ್ಪು ತಿಳ್ಕೋಬೇಡಿ. ಅಕ್ಕನ ಸಾಲನ್ನೇ ಯಾಕೆ ತೆಗೆದ್ರಿ? ನೆಟ್ಟಗಿದ್ದಿದ್ದು ಅವೇ ಅಲ್ವಾ?"

ಟೇಲರಮ್ಮ ಲೋಟದಿಂದ ಒಂದು ಗುಟುಕು ಕುಡಿದರು. ಮುಖದಲ್ಲಿ ಬೇಸರವೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ.

"ಅವು ಇರೋವರೆಗೂ ಅವಳು ಪಕ್ಕದ ಸಾಲಲ್ಲಿ ಕೂತಿದ್ದಾಳೆ ಅನ್ನಿಸ್ತಿತ್ತು. ನಾನು ಏನಾದ್ರೂ ಹೇಳೋದು, ಅವಳು ಏನಂತಾಳೆ ಅಂತ ಕಾಯ್ತಾ ಕೂರೋದು. ಅವಳು ಸತ್ತಿದ್ದಾಳೆ ಕಣಪ್ಪ. ಕೆಲಸ ಆಗ್ತಿರಲಿಲ್ಲ."